ಅಪ್ಪ ಬ್ಯಾಟರಿ ಉಳಿಸಿದ್ದು

ಮೊಬೈಲ್ ಇರುವುದು ಮಾತಾಡಲಿಕ್ಕೆ ಎಂದು ಲೋಕವೆಲ್ಲ ತಿಳಿದಿದ್ದರೆ, ಅದು ಇರುವುದು ಚಾರ್ಜ್ ತುಂಬಿಸಿ ಜೋಪಾನವಾಗಿ ಇಡಲಿಕ್ಕೆ ಎಂದು ನನ್ನ ಅಪ್ಪ ತಿಳಿದಿದ್ದರು. ಬೆಳಿಗ್ಗೆ ಪೂರ್ತಿ ತುಂಬಿದ ಬ್ಯಾಟರಿಯನ್ನು ಜೇಬಿಗೆ ಹಾಕಿಕೊಂಡು ಹೋಗಿ, ಸಂಜೆ ಅದನ್ನು ಸಾಧ್ಯವಾದಷ್ಟು ಹಾಗೆಯೇ ಮನೆಗೆ ವಾಪಸ್ ತರುವುದನ್ನು ಅವರು ಒಂದು ವ್ರತದಂತೆ ನಡೆಸಿಕೊಂಡು ಬಂದಿದ್ದರು. ಫೋನು ನೋಡನೋಡುತ್ತ ಹಳೆಯದಾಯಿತು, ಬ್ಯಾಟರಿಯೂ ಸೊರಗಿತು. ವ್ರತ ಮಾತ್ರ ಇನ್ನೂ ಕಟ್ಟುನಿಟ್ಟಾಯಿತು.

ಅವರ ಮುಖ್ಯ ವೈರಿ ವಿಡಿಯೋ ಕಾಲ್. ಯಾರದಾದರೂ ವಿಡಿಯೋ ಕಾಲ್ ಬಂದರೆ, ಹಲೋ ಅನ್ನುವ ಮೊದಲು ಅವರ ಬೆರಳು ಪರದೆಯ ಬೆಳಕನ್ನು ಎಳೆದು ಎಳೆದು ತಳಕ್ಕೆ ಇಳಿಸುತ್ತಿತ್ತು. ಆಮೇಲೆ ಆ ಕಡೆಯವರಿಗೂ ಉಪದೇಶ: "ನೀವೂ ಲೈಟ್ ಕಮ್ಮಿ ಮಾಡ್ಕೊಳ್ಳಿ. ಸುಮ್ನೆ ಎರಡೂ ಕಡೆ ಉರಿಯುದು ಯಾಕೆ?" ಡೊಂಬಿವಲಿಯ ಅತ್ತೆ ತನ್ನ ಹೊಸ ಮೊಮ್ಮಗುವನ್ನು ತೋರಿಸಲು ಕರೆ ಮಾಡಿದಾಗ ಅಪ್ಪ ಆ ಕಪ್ಪು ಪರದೆಯನ್ನೇ ಕಣ್ಣು ಕಿರಿದು ಮಾಡಿ ನೋಡಿ, ಮೂಗು ಥೇಟ್ ಅಜ್ಜನದ್ದೇ ಎಂದು ಮೆಚ್ಚಿಕೊಂಡರು. ಮಗು ಆಗಿನ್ನೂ ಒಳಗೆ ಸ್ನಾನ ಮಾಡಿಸಿಕೊಳ್ಳುತ್ತಿತ್ತಂತೆ. ಅಪ್ಪ ಮೆಚ್ಚಿದ್ದು ತಲೆದಿಂಬನ್ನು.

ಇದು ಜಿಪುಣತನ ಅಲ್ಲ, ಕಸುಬಿನ ಅಭ್ಯಾಸ. ಚೆಂಬೂರು ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಅಪ್ಪ ಟೇಬಲ್ ಒರೆಸುವ ಕೆಲಸದಿಂದ ಶುರು ಮಾಡಿ, ಕೊನೆಗೆ ಮ್ಯಾನೇಜರ್ ಆಗಿ ಗಲ್ಲಾದಲ್ಲಿ ಕೂತವರು. ಗಿರಾಕಿ ಎದ್ದ ಕೂಡಲೇ ಆ ಟೇಬಲಿನ ಮೇಲಿನ ಫ್ಯಾನ್ ಆಫ್ ಆಗಬೇಕು ಎಂಬುದು ಅವರು ಅಲ್ಲಿ ಕಲಿತ, ಆಮೇಲೆ ಎಲ್ಲರಿಗೂ ಕಲಿಸಿದ ಪಾಠ. ಮನೆಯಲ್ಲೂ ಅಷ್ಟೆ. ಪರೀಕ್ಷೆಗೆ ಓದುವಾಗ ನಾನು ನೀರು ಕುಡಿಯಲು ಎದ್ದು ಬರುವಷ್ಟರಲ್ಲಿ ಟ್ಯೂಬ್‌ಲೈಟ್ ಆರಿರುತ್ತಿತ್ತು. ನಾನು ಕಡಿಮೆ ಅಂಕ ತಂದದ್ದಕ್ಕೆಲ್ಲ ಅದೇ ಕಾರಣವೆಂದು ಈಗಲೂ ವಾದಿಸುತ್ತೇನೆ.

ಹೀಗಿದ್ದ ಅಪ್ಪನಿಗೆ ಒಂದು ದಿನ ಹೋಟೆಲಿನಲ್ಲೇ ಎದೆ ನೋವು ಬಂತು. ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿ ಕಳಿಸಿದರು. ಡಾಕ್ಟರು ಹೇಳಿದ್ದು ಸ್ಪಷ್ಟವಾಗಿತ್ತು. ನಿಧಾನವಾಗಿ ನಡೆಯಿರಿ, ಭಾರ ಎತ್ತಬೇಡಿ, ಅಡುಗೆಮನೆಯ ಉರಿಯಲ್ಲಿ, ಬಿಸಿಲಿನಲ್ಲಿ ನಿಲ್ಲಬೇಡಿ, ಕೆಲಸದ ಗಡಿಬಿಡಿ ಸಾಕು. ಅಮ್ಮ ಮತ್ತು ನಾನು ಸೇರಿ ಅವರಿಂದ ಹೋಟೆಲಿನ ಕೆಲಸ ಬಿಡಿಸಿದೆವು. ಅವರು ಜಗಳ ಆಡಲಿಲ್ಲ. ಕುರ್ಚಿಯಲ್ಲಿ ಕೂತು ಮೇಲೆ ತಿರುಗುವ ಫ್ಯಾನನ್ನು ನೋಡತೊಡಗಿದರು. ಊಟಕ್ಕೆ ಕರೆದರೆ ಎದ್ದು ಬರುವರು, ಉಪ್ಪು ಹೆಚ್ಚಾದರೂ ಕಮ್ಮಿಯಾದರೂ ಏನೂ ಹೇಳದೆ ತಿನ್ನುವರು. ಸಾಂಬಾರಿನ ಬಗ್ಗೆ ಅಭಿಪ್ರಾಯ ಇಲ್ಲದ ಅಪ್ಪನನ್ನು ನೋಡಿ ನನಗೆ ಸ್ಟೆಂಟ್ ಹಾಕಿದ ದಿನಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಕೆಲವು ವಾರ ಕಳೆದ ಮೇಲೆ ಅವರು ಬೆಳಿಗ್ಗೆ ಹತ್ತಿರದ ಗಾರ್ಡನಿಗೆಂದು ಹೊರಡತೊಡಗಿದರು. ಇಸ್ತ್ರಿ ಹಾಕಿದ ಅಂಗಿ, ಜೇಬಿನಲ್ಲಿ ಪೆನ್ನು. ಮುಖದಲ್ಲಿ ಕಳೆ ಬಂತು. ಊಟಕ್ಕೆ ಕೂತರೆ ಬೇಳೆ ಇನ್ನೊಂದು ಕುದಿ ಬರಬೇಕಿತ್ತು ಅನ್ನತೊಡಗಿದರು. ಚೆಂಬೂರಿನ ಗಾಳಿಗೆ ಇಷ್ಟು ಶಕ್ತಿ ಇದೆಯೆಂದು ನಾನು ಯಾವತ್ತೂ ಕೇಳಿರಲಿಲ್ಲ. ಆದರೂ ಒಬ್ಬರೇ ಹೋಗುವುದೆಂದರೆ ಕಳವಳ. ಮಗಳಾದ ನಾನಿರುವುದು ಬೊರಿವಲಿಯಲ್ಲಿ, ಕೆಲಸ ಅಂಧೇರಿಯಲ್ಲಿ. ಏನಾದರೂ ಆದರೆ ಓಡಿ ಬರಲು ಆಗುವ ದೂರ ಅಲ್ಲ. ಅದಕ್ಕೆ ಒಂದು ಕಾನೂನು ಮಾಡಿದೆ. ಗಾರ್ಡನಿನಲ್ಲಿ ಇರುವಾಗ ವಿಡಿಯೋ ಕಾಲ್ ಮಾಡುತ್ತೇನೆ, ಎತ್ತಿ ಮುಖ ತೋರಿಸಬೇಕು. ಬರೀ ಸ್ವರ ನಡೆಯುವುದಿಲ್ಲ.

ಮೊದಲ ದಿನ ಮೂರು ಜನ ಮೂರು ಚೌಕದಲ್ಲಿ ಕೂಡಿದೆವು. ನಾನು ಆಫೀಸಿನ ಪ್ಯಾಂಟ್ರಿಯಲ್ಲಿ, ಅಮ್ಮ ಮನೆಯಲ್ಲಿ, ಅಪ್ಪ ಗಾರ್ಡನಿನಲ್ಲಿ.

"ಹಾಂ ಮಗಾ," ಎಂದರು ಅಪ್ಪ. "ಗಾರ್ಡನಿನಲ್ಲಿ ಇದ್ದೇನೆ. ಎಲ್ಲ ಬರೋಬರ್ ಉಂಟು. ಬ್ಯಾಟರಿ ಉಳಿಸ್ಲಿಕ್ಕೆ ಲೈಟ್ ಪೂರ್ತಿ ಇಳಿಸಿದ್ದೇನೆ, ಹಾಗಾಗಿ ನಿಮಗೆ ಕತ್ತಲೆ ಕಾಣ್ತದೆ. ನೀವು ಹೆದರ್ಬೇಡಿ."

ನಮಗೆ ಕತ್ತಲೆ ಏನೂ ಕಾಣಲಿಲ್ಲ. ಚೆನ್ನಾಗಿ ಬೆಳಗಿದ ಅಪ್ಪ ಕಂಡರು. ಅವರು ಕೂತದ್ದು ನಾವು ಬಿಡಿಸಿದ್ದ ಅದೇ ಹೋಟೆಲಿನ ಗಲ್ಲಾದಲ್ಲಿ. ಹಿಂದೆ ಮಲ್ಲಿಗೆ ಹಾರ ಹಾಕಿದ ದೇವರ ಪಟಗಳ ಸಾಲು, ಪಟದ ಸುತ್ತ ಮಿಣಮಿಣ ದೀಪ. ಮುಂದೆ ಬಡೇಸೋಪಿನ ಬಟ್ಟಲು, ಪಕ್ಕದಲ್ಲಿ ಹಬೆಯಾಡುವ ಕಾಫಿ ಲೋಟ. ಯಾರೋ ಗಿರಾಕಿ ಬಂದು ನಿಂತರೆ ಅಪ್ಪ ಮಾತು ನಿಲ್ಲಿಸದೆಯೇ ಬಡೇಸೋಪಿನ ಬಟ್ಟಲನ್ನು ಅವನ ಕಡೆ ಸರಿಸಿದರು. ಒಳಗಿನಿಂದ "ದೋ ಮಸಾಲಾ, ಏಕ್ ಸಾದಾ" ಎಂಬ ಕೂಗು ತೇಲಿ ಬಂತು.

"ಗಾರ್ಡನಿನ ಹೊರಗೆ ಗಾಡಿಯವ," ಎಂದರು ಅಪ್ಪ, ಸ್ವಲ್ಪವೂ ತಡವರಿಸದೆ.

ಅಪ್ಪನ ಲೆಕ್ಕಾಚಾರ ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಪರದೆಯ ಬೆಳಕೇ ಚಿತ್ರವನ್ನು ಆ ಕಡೆಗೆ ದಾಟಿಸುತ್ತದೆ, ಅದನ್ನು ಇಳಿಸಿದರೆ ಎರಡೂ ಕಡೆ ಕತ್ತಲೆ ಎಂದು ಅವರು ನಂಬಿದ್ದರು. ಸ್ವಿಚ್ ಒತ್ತಿದರೆ ಇಡೀ ಹಾಲ್ ಕತ್ತಲಾಗುವುದನ್ನು ಜೀವಮಾನವಿಡೀ ನೋಡಿದವರಿಗೆ ಹಾಗೆ ಅನಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಕತ್ತಲಾದದ್ದು ಅವರ ಪರದೆ ಮಾತ್ರ. ಅವರಿಗೆ ನಾವೂ ಕಾಣುತ್ತಿರಲಿಲ್ಲ, ಮೂಲೆಯ ಸಣ್ಣ ಚೌಕದಲ್ಲಿ ತಾವೇ ದೇವರ ಪಟಗಳ ಸಮೇತ ವಿರಾಜಮಾನರಾಗಿರುವುದೂ ಕಾಣುತ್ತಿರಲಿಲ್ಲ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ತನ್ನ ಚೌಕದಲ್ಲಿದ್ದ ಅಮ್ಮ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಗದರಿಸುವ ಹಾಗೆ ಕಣ್ಣು ಬಿಟ್ಟಳು. ಅದೂ ಅಪ್ಪನಿಗೆ ಕಾಣಲಿಲ್ಲ.

ಕಾಲ್ ಮುಗಿದ ಮೇಲೆ ಅಮ್ಮನಿಗೆ ಬೇರೆಯಾಗಿ ಫೋನ್ ಮಾಡಿದೆ. "ಇದು ಎಂತ ನಾಟಕ ಅಮ್ಮಾ? ನಿನಗೆ ಮೊದಲೇ ಗೊತ್ತಿತ್ತಾ?"

"ಅಂಗಿ ಒಗೆಯುವವಳು ನಾನು. ಗಾರ್ಡನಿನಲ್ಲಿ ಯಾರು ಮಾರಾಯ್ತಿ ಸಾಂಬಾರ್ ಕುದಿಸ್ತಾರೆ?"

"ಡಾಕ್ಟರು ಹೇಳಿದ್ದು ಮರೆತು ಹೋಯ್ತಾ? ನಾನು ಇವತ್ತೇ ಹೇಳ್ತೇನೆ, ಎಲ್ಲ ಕಾಣ್ತದೆ ಅಂತ."

"ಹೇಳು. ಅವರಿಗೆ ನಾಚಿಕೆ ಆಗ್ತದೆ. ನಾಚಿಕೆ ಆದ್ರೆ ಹೋಗುದು ಬಿಡ್ತಾರೆ. ಬಿಟ್ಟು ಪುನಃ ಆ ಕುರ್ಚಿಯಲ್ಲಿ ಕೂತು ಫ್ಯಾನ್ ನೋಡ್ತಾರೆ. ಆಗ ನೀನು ಬೊರಿವಲಿಯಿಂದ ಬಂದು ಅವರ ಎದುರು ಕೂತ್ಕೋ."

"ಅಲ್ಲಿ ಸುಮ್ಮನೆ ಕೂತಿರ್ತಾರಾ ಅವರು? ಒಳಗೆ ಹೋಗಿ ಉರಿಯ ಎದುರು ನಿಲ್ತಾರೆ, ಮೂಟೆ ಎತ್ತುತ್ತಾರೆ."

"ಗಲ್ಲಾದಲ್ಲಿ ಕೂತ್ರೆ ಹೃದಯಕ್ಕೆ ಎಂತ ಆಗುದಿಲ್ಲ. ಏಳದ ಹಾಗೆ ನಾನು ನೋಡ್ಕೊಳ್ತೇನೆ," ಎಂದಳು ಅಮ್ಮ.

ಮನೆಯಲ್ಲಿ ಕೂತವಳು ಹೋಟೆಲಿನಲ್ಲಿ ಇರುವವರನ್ನು ಹೇಗೆ ನೋಡಿಕೊಳ್ಳುತ್ತಾಳೋ ಎಂದು ನಾನು ಗೊಣಗಿದೆ. ಮರುದಿನದಿಂದ ಗೊತ್ತಾಗತೊಡಗಿತು. ಬೆಳಗಿನ ತಿಂಡಿಯ ಗದ್ದಲ ಮುಗಿದು ಊಟದ ಗದ್ದಲ ಇನ್ನೂ ಶುರುವಾಗದ ಹೊತ್ತಿಗೆ ನಾವು ಕಾಲ್ ಮಾಡುತ್ತಿದ್ದೆವು. ಅಪ್ಪ ಕತ್ತಲೆಯ ಧೈರ್ಯದಲ್ಲಿ ತಮ್ಮ ಪಾಡಿಗೆ ತಾವು ಇರುತ್ತಿದ್ದರು. ಒಂದು ದಿನ ನಮ್ಮ ಜೊತೆ ಮಾತಾಡುತ್ತಲೇ ತಟ್ಟೆಯಿಂದ ಗೋಳಿಬಜೆ ಎತ್ತಿ ಬಾಯಿಗೆ ಹಾಕಿಕೊಂಡರು. ಅಮ್ಮ ಸ್ವಲ್ಪ ಹೊತ್ತು ಕಿವಿಗೊಟ್ಟವಳ ಹಾಗೆ ನಟಿಸಿ ಹೇಳಿದಳು: "ಹೋಯ್, ಯಾಕೋ ನಿಮ್ಮ ಸ್ವರದಲ್ಲಿ ಎಣ್ಣೆ ಪಸೆ ಉಂಟು."

ಅಪ್ಪ ಅಗಿಯುವುದನ್ನು ನಿಲ್ಲಿಸಿದರು. ತಟ್ಟೆಯನ್ನು ಮೆಲ್ಲ ದೂರ ಸರಿಸಿದರು.

ಇನ್ನೊಂದು ದಿನ ದೇವರ ಪಟಕ್ಕೆ ಹಾರ ಹಾಕಲು ಫೋನನ್ನು ಗಲ್ಲಾದ ಮೇಲೆ ಒರಗಿಸಿಟ್ಟು ಸ್ಟೂಲು ಹತ್ತಿದರು. "ನಿಮ್ಮ ಸ್ವರ ಮೇಲಿನಿಂದ ಬಂದ ಹಾಗೆ ಕೇಳ್ತದೆ. ಮರ ಗಿರ ಹತ್ತಿದ್ದೀರಾ?" ಎಂದಳು ಅಮ್ಮ. ಅಪ್ಪ ಸ್ಟೂಲಿನಿಂದ ಇಳಿದ ಚಂದ ನೋಡಬೇಕಿತ್ತು. ಸಕ್ಕರೆ ಹೆಚ್ಚು ಹಾಕಿದ ಕಾಫಿ, ಗ್ಯಾಸಿನ ಸಿಲಿಂಡರಿಗೆ ಕೈ ಹಾಕಲು ಹೊರಟದ್ದು, ಅಡುಗೆಮನೆಯ ಬಾಗಿಲಿನ ತನಕ ಹೋದದ್ದು, ಎಲ್ಲವೂ ಅಮ್ಮನಿಗೆ ಸ್ವರದಲ್ಲೇ ತಿಳಿಯತೊಡಗಿತು. ನನಗೆ ನಗು ತಡೆಯಲಾಗದೆ ಮ್ಯೂಟ್ ಮಾಡಿಕೊಂಡು ಪ್ಯಾಂಟ್ರಿಯ ಗೋಡೆಗೆ ಹಣೆ ಒತ್ತಿ ನಿಲ್ಲುತ್ತಿದ್ದೆ. ಚಹಾಕ್ಕೆ ಬಂದ ಸಹೋದ್ಯೋಗಿಗಳು ಮನೆಯಲ್ಲೇನೋ ದುಃಖದ ಸಮಾಚಾರ ಎಂದು ಸದ್ದಿಲ್ಲದೆ ವಾಪಸ್ ಹೋಗುತ್ತಿದ್ದರು.

ಭಾನುವಾರ ನಾನು ಚೆಂಬೂರಿಗೆ ಹೋದಾಗ ಅಪ್ಪ ನನ್ನನ್ನು ಬಾಲ್ಕನಿಗೆ ಕರೆದು ದನಿ ತಗ್ಗಿಸಿ ಹೇಳಿದರು: "ನಿನ್ನ ಅಮ್ಮ ಸಾಮಾನ್ಯದವಳಲ್ಲ ಮಗಾ. ಬರೀ ಸ್ವರ ಕೇಳಿ ನಾನು ಎಂತ ತಿಂದೆ ಅಂತ ಹೇಳ್ತಾಳೆ. ಇಷ್ಟು ವರ್ಷ ನನಗೇ ಗೊತ್ತಿರ್ಲಿಲ್ಲ." ಅವರ ಮುಖದಲ್ಲಿ ಭಯವೂ ಇತ್ತು, ಹೆಮ್ಮೆಯೂ ಇತ್ತು. ಆ ವಯಸ್ಸಿನಲ್ಲಿ ಗಂಡನೊಬ್ಬ ಹೆಂಡತಿಯ ಬಗ್ಗೆ ಹಾಗೆ ಬೆರಗಾಗುವುದು ನೋಡಲು ಚೆನ್ನಾಗಿತ್ತು. ನಾನು ಸುಮ್ಮನೆ ತಲೆಯಾಡಿಸಿದೆ.

ಹೀಗೆ ಎಲ್ಲವೂ ಸುಖವಾಗಿ ನಡೆದಿರುವಾಗ ಅದನ್ನು ಕೆಡಿಸಿದವಳು ನಾನು. ಅಪ್ಪನ ಹುಟ್ಟುಹಬ್ಬಕ್ಕೆ ಹೊಸ ಫೋನ್ ತಂದುಕೊಟ್ಟೆ. ದೊಡ್ಡ ಪರದೆ, ದೊಡ್ಡ ಬ್ಯಾಟರಿ. "ಇದನ್ನು ಎಷ್ಟು ಉರಿಸಿದ್ರೂ ಎರಡು ದಿನ ಬರ್ತದೆ ಅಪ್ಪಾ. ಇನ್ನು ಉಳಿಸುವ ಕೆಲಸವೇ ಇಲ್ಲ. ಬೆಳಕು ಬೇಕಾದ ಹಾಗೆ ತನ್ನಷ್ಟಕ್ಕೆ ಏರ್ತದೆ, ಇಳೀತದೆ," ಎಂದು ದೊಡ್ಡ ಉಪಕಾರ ಮಾಡಿದವಳ ಹಾಗೆ ಬೀಗಿದೆ. ಅಪ್ಪ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಮುಖ ಮಾತ್ರ ಯಾಕೋ ಸಪ್ಪಗಿತ್ತು.

ಅಡುಗೆಮನೆಯಲ್ಲಿ ಅಮ್ಮ ನನ್ನ ತೋಳು ಹಿಡಿದು ಜಗ್ಗಿದಳು. "ಯಾರು ಹೇಳಿದ್ದು ನಿನಗೆ ದೊಡ್ಡ ಬ್ಯಾಟರಿ ತಾ ಅಂತ? ಕಣ್ಣೆದುರು ಇದ್ದದ್ದನ್ನು ಹಾಳು ಮಾಡಿಟ್ಟೆ!" ಅವಳಿಗೆ ನಿಜವಾಗಿ ಕೋಪ ಬಂದಿತ್ತು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಕೋಪ ಯಾಕೆಂದು ನನಗೆ ಆಗ ಹೊಳೆಯಲಿಲ್ಲ. ಅಪ್ಪನ ಮೇಲೆ ಕಣ್ಣಿಡುವ ದಾರಿ ಮುಚ್ಚಿತಲ್ಲ ಎಂದು ಇರಬೇಕು ಅಂದುಕೊಂಡೆ.

ಮರುದಿನ ಹೊಸ ಫೋನಿನಲ್ಲಿ ಕಾಲ್ ಎತ್ತಿದ ಅಪ್ಪ, "ಹಾಂ, ಗಾರ್ಡನಿನಲ್ಲಿ..." ಎಂದು ಶುರು ಮಾಡಿ ಅರ್ಧಕ್ಕೆ ನಿಂತರು. ಫಳಫಳ ಹೊಳೆಯುವ ಆ ಪರದೆಯ ಮೂಲೆಯಲ್ಲಿ ಅವರಿಗೆ ತಮ್ಮ ಮುಖ ಕಂಡಿತ್ತು, ಮುಖದ ಹಿಂದೆ ಮಿಣಮಿಣ ದೀಪ ಕಂಡಿತ್ತು. ಬಾಯಿ ತೆರೆದುಕೊಂಡೇ ಇತ್ತು. "ನೆಟ್‌ವರ್ಕ್ ಇಲ್ಲ," ಎಂದು ಸ್ಪಷ್ಟವಾದ ದನಿಯಲ್ಲಿ ಹೇಳಿ ಕಟ್ ಮಾಡಿದರು. ಸಂಜೆ ಅಮ್ಮನ ಹತ್ತಿರ ಹೊಸ ಫೋನನ್ನು ಬೈದರಂತೆ. ಇದು ಕಂಡದ್ದನ್ನೆಲ್ಲ ತೋರಿಸುತ್ತದೆ, ಹಳೆಯದಕ್ಕೆ ಒಂದು ಮರ್ಯಾದೆ ಇತ್ತು ಎಂದರಂತೆ. ಆದರೆ ಹಳೆಯದು ಅಷ್ಟರಲ್ಲಿ ಪೂರ್ತಿ ಸತ್ತಿತ್ತು.

ಎರಡು ದಿನ ಅವರು ಕಾಲ್ ಎತ್ತಲಿಲ್ಲ. ಅಮ್ಮ ಮಾತು ಕಮ್ಮಿ ಮಾಡಿದಳು. ನನಗೆ ಮಾತ್ರ ನನ್ನ ಕಾನೂನೇ ದೊಡ್ಡದು. ಮುಖ ತೋರಿಸದಿದ್ದರೆ ಗಾರ್ಡನ್ ಬಂದ್ ಎಂದು ಮೆಸೇಜ್ ಹಾಕಿದೆ.

ಮರುದಿನ ಅಪ್ಪ ತಾವೇ ವಿಡಿಯೋ ಕಾಲ್ ಮಾಡಿದರು. ಮೇ ತಿಂಗಳು, ಸೂರ್ಯ ನೆತ್ತಿಗೆ ಬರುವ ಹೊತ್ತು. ಅವರು ಹೋಟೆಲಿನ ಎದುರಿನ ಫುಟ್‌ಪಾತಿನಲ್ಲಿ, ಒಂದು ಬಾದಾಮಿ ಮರಕ್ಕೆ ಬೆನ್ನು ಹಾಕಿ ನಿಂತಿದ್ದರು. ಮಳೆಗಾಲಕ್ಕೆ ಮುಂಚೆ ಆ ಮರದ ಕೊಂಬೆಗಳನ್ನು ಮುನಿಸಿಪಾಲಿಟಿಯವರು ಕಡಿದು ಬೋಳಿಸಿದ್ದರು. ಉಳಿದದ್ದು ಒಂದು ಕಡೆಯ ಒಂದಿಷ್ಟು ಎಲೆ. ಆ ಎಲೆಗಳು ಚಿತ್ರದಲ್ಲಿ ಬರಬೇಕಾದರೆ ಅಪ್ಪ ಬಿಸಿಲಿನಲ್ಲಿ ನಿಲ್ಲಬೇಕಿತ್ತು, ಅಲ್ಲೇ ನಿಂತಿದ್ದರು. ತಲೆಯ ಮೇಲೆ ಕರವಸ್ತ್ರ. ಮುಖ ಕೆಂಪಾಗಿ ಬೆವರು ಕುತ್ತಿಗೆಗೆ ಇಳಿಯುತ್ತಿತ್ತು.

"ನೋಡಿ, ಗಾರ್ಡನ್," ಎಂದರು. "ಫುಲ್ ಹಸಿರು."

ಹಿಂದಿನಿಂದ ಒಂದು ಕೆಂಪು ಬಸ್ ಹಾದು ಹೋಯಿತು.

"ಗಾರ್ಡನಿನೊಳಗೆ ಬಸ್ ಬಿಟ್ಟಿದ್ದಾರಾ ಅಪ್ಪಾ?" ನನ್ನ ನಾಲಿಗೆ ಸುಮ್ಮನಿರುವ ಜಾತಿಯದಲ್ಲ.

"ಅದು ಹೊರಗಿನ ರಸ್ತೆ ಮಗಾ. ಮುಖ ಕಂಡಿತಲ್ಲ? ಸರಿಯಾಗಿ ನೋಡ್ಕೊಳ್ಳಿ. ಬೇಕಾದಷ್ಟು ಹೊತ್ತು ನೋಡಿ, ಬ್ಯಾಟರಿಯದ್ದು ಟೆನ್ಶನ್ ಇಲ್ಲ." ಹಾಗೆ ಹೇಳುವಾಗ ಅವರಿಗೆ ಉಸಿರು ಸಾಲುತ್ತಿರಲಿಲ್ಲ. ಒಂದು ಕೈ ಮರದ ಬೊಡ್ಡೆಯನ್ನು ಹಿಡಿದುಕೊಂಡಿತ್ತು. ನನ್ನ ನಗು ಅಲ್ಲಿಗೇ ನಿಂತುಹೋಯಿತು.

"ಒಳಗೆ ಹೋಗಿ," ಎಂದಳು ಅಮ್ಮ.

"ಎಲ್ಲಿಗೆ?"

"ಹೋಟೆಲಿನೊಳಗೆ. ಬಿಸಿಲಲ್ಲಿ ನಿಲ್ಬೇಡಿ. ಹೋಗಿ ನಿಮ್ಮ ಗಲ್ಲಾದಲ್ಲಿ ಕೂತ್ಕೊಳ್ಳಿ, ನೀರು ಕುಡೀರಿ. ಆಮೇಲೆ ಮಾತಾಡುವ."

ಅಪ್ಪ ಫೋನನ್ನು ಕೆಳಗೆ ಇಳಿಸಿಕೊಂಡು ನಡೆದರು. ನಮಗೆ ರಸ್ತೆ ಕಂಡಿತು, ಅವರ ಚಪ್ಪಲಿ ಕಂಡಿತು, ಮೆಟ್ಟಿಲು ಕಂಡಿತು. ಕೊನೆಗೆ ಚಿತ್ರ ನಿಂತಾಗ ಅವರು ಗಲ್ಲಾದಲ್ಲಿ ಕೂತು ನೀರು ಕುಡಿಯುತ್ತಿದ್ದರು. ಉಸಿರು ಸರಿಯಾಗುವ ತನಕ ಅಮ್ಮ ಕಾದಳು. ನಾನೂ ಕಾದೆ.

"ಯಾವಾಗಿನಿಂದ ಗೊತ್ತು?" ಎಂದರು ಅಪ್ಪ.

"ಶುರುವಿನಿಂದ. ನೀವು ಲೈಟ್ ಇಳಿಸಿದ್ರೆ ನಿಮಗೆ ಮಾತ್ರ ಕತ್ತಲೆ. ನಮಗೆ ಎಲ್ಲ ಕಾಣ್ತದೆ."

ಅಪ್ಪ ನೀರಿನ ಲೋಟ ಕೆಳಗಿಟ್ಟರು. "ಆ ಗೋಳಿಬಜೆ..."

"ಕಂಡಿತ್ತು."

"ಸ್ಟೂಲು?"

"ಅದೂ."

ಅವರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಮುಖ ಮುಚ್ಚಿಕೊಂಡರು ಅನ್ನುವುದೇ ಸರಿ. ಆಮೇಲೆ ಮೆಲ್ಲ ಕೇಳಿದರು: "ಸಿಟ್ಟು ಉಂಟಾ?"

"ಉಂಟು," ಎಂದಳು ಅಮ್ಮ.

ಡಾಕ್ಟರು, ಔಷಧಿ, ಸುಳ್ಳು, ಎಲ್ಲ ಸೇರಿ ಒಂದು ದೊಡ್ಡ ಮಂಗಳಾರತಿ ಈಗ ಆಗುತ್ತದೆ ಎಂದು ನಾನು ಸಿದ್ಧಳಾಗಿ ನಿಂತೆ. ಅಮ್ಮನ ದನಿ ಏರಲಿಲ್ಲ.

"ಸುಳ್ಳು ಹೇಳಿದ್ದಕ್ಕೆ ಅಲ್ಲ. ಮದುವೆಯಾಗಿ ಬಂದಾಗಿನಿಂದ ಆ ಹೋಟೆಲಿನ ಸುದ್ದಿ ಕೇಳ್ತಾ ಇದ್ದೇನೆ. ಅದರ ಒಳಗೆ ಎಂತ ಉಂಟು ಅಂತ ನಾನು ಕಂಡದ್ದು ಈ ಫೋನಿನಲ್ಲಿ. ನೀವು ಅಲ್ಲಿ ಕೂತು ಜನರ ಹತ್ರ ಹೇಗೆ ನಗಾಡ್ತೀರಿ ಅಂತ ಕಂಡದ್ದೂ ಇದರಲ್ಲೇ. ಮನೆಯಲ್ಲಿ ಹಾಗೆ ನಗಾಡಿದ್ದು ನಾನು ನೋಡ್ಲಿಲ್ಲ. ಒಂದು ದಿನ, ಒಂದೇ ಒಂದು ದಿನ, ಬಾ, ಕೂತು ಒಂದು ಕಾಫಿ ಕುಡಿ ಅಂತ ನೀವು ನನ್ನನ್ನು ಕರೀಲಿಲ್ಲ."

ಅದು ನಿಜ. ಮ್ಯಾನೇಜರನ ಮನೆಯವರು ಹೋಟೆಲಿಗೆ ಕಾಲಿಡಬಾರದು ಎಂಬುದು ಅಪ್ಪನ ಕಾಲದ ನಡವಳಿಕೆ. ಹೆಂಡತಿ ಬಂದು ಕೂತು ದುಡ್ಡು ಕೊಟ್ಟೇ ಕಾಫಿ ಕುಡಿದರೂ, ಧಣಿಗಳ ಅಕ್ಕಿ ಬೇಳೆ ಮ್ಯಾನೇಜರನ ಮನೆಗೆ ಹೋಗುತ್ತದೆ ಎಂದು ಆಡಿಕೊಳ್ಳುವ ಬಾಯಿಗಳಿಗೆ ಬರವಿಲ್ಲ. ಆ ಮಾತು ಬಾರದ ಹಾಗೆ ಅಪ್ಪ ನಮ್ಮನ್ನು ಯಾವಾಗಲೂ ರಸ್ತೆಯ ಆಚೆ ಬದಿಯಲ್ಲೇ ಇಟ್ಟರು. ನನಗದು ಅಪ್ಪನ ಪ್ರಾಮಾಣಿಕತೆಯಾಗಿ ಕಂಡಿತ್ತು, ಹೆಮ್ಮೆಯೂ ಇತ್ತು. ತರಕಾರಿಯ ಚೀಲ ಹಿಡಿದು ದಿನವೂ ಆ ಆಚೆ ಬದಿಯಲ್ಲಿ ಹಾದು ಹೋಗುತ್ತಿದ್ದ ಅಮ್ಮನಿಗೆ ಅದು ಏನಾಗಿತ್ತು ಎಂದು ಕೇಳಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ. ಹಗಲಿಡೀ ತನಗೆ ಸಿಗದೇ ಹೋದ ಗಂಡನನ್ನು ಅವಳು ಈಗ ದಿನಕ್ಕೊಂದಿಷ್ಟು ನೋಡಿಕೊಳ್ಳುತ್ತಿದ್ದಳು, ನಾನು ಅದನ್ನು ಕಾವಲು ಎಂದು ತಿಳಿದಿದ್ದೆ. ಪ್ಯಾಂಟ್ರಿಯಲ್ಲಿ ನಿಂತಿದ್ದ ನನಗೆ ಈ ಸಲ ನಿಜವಾಗಿಯೂ ಅಳು ಬಂತು.

ಅಪ್ಪ ಗಲ್ಲಾದ ಮರವನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದರು. ಈಗ ಮತ್ತೆ ನೆಟ್‌ವರ್ಕ್ ಹೋಗುತ್ತದೆ ಎಂದುಕೊಂಡೆ. ಅವರು ಒಳಗಿನ ಕಡೆ ಕತ್ತು ತಿರುಗಿಸಿ, ನಾನು ಮನೆಯಲ್ಲಿ ಯಾವತ್ತೂ ಕೇಳದ ಮ್ಯಾನೇಜರನ ದನಿಯಲ್ಲಿ ಕೂಗಿದರು:

"ಏ, ಫ್ಯಾಮಿಲಿ ರೂಮಿನ ಮೂಲೆ ಟೇಬಲ್ ಒರೆಸಿ ಇಡು. ಯಾರನ್ನೂ ಕೂರಿಸ್ಬೇಡ. ನಮ್ಮ ಮನೆಯವರು ಬರ್ತಿದ್ದಾರೆ."

ಆಮೇಲೆ ಫೋನಿನ ಕಡೆ ತಿರುಗಿ, ಯಾರ ಮುಖವನ್ನೂ ನೋಡದೆ ಹೇಳಿದರು: "ನಡ್ಕೊಂಡು ಬರ್ಬೇಡ ಮಾರಾಯ್ತಿ. ರಿಕ್ಷಾದಲ್ಲಿ ಬಾ."

ಅಷ್ಟರಲ್ಲಿ ಅಮ್ಮನ ಚೌಕದಲ್ಲಿ ಖಾಲಿ ಕುರ್ಚಿ ಮಾತ್ರ ಇತ್ತು. ಒಳಗೆಲ್ಲೋ ಸೀರೆಯ ಕಪಾಟಿನ ಬಾಗಿಲು ತೆರೆದ ಸದ್ದಾಯಿತು.